ನಿದ್ದೆಯ ಹೊಸ್ತಿಲಲ್ಲಿ ಎಡವುವವರು

“ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆಯಲ್ಲಿ ತಥ್ಯವುಂಟು, ಆದರೆ ಅದನ್ನು ಎಲ್ಲರ ಮೇಲೂ ಹೇರಿದಾಗ ಅನ್ಯಾಯವೂ ಉಂಟಾಗುತ್ತದೆ. ಯಾರಾದರೊಬ್ಬರು ತಮಗೆ ನಿದ್ದೆ ಬರುತ್ತಿಲ್ಲವೆಂದು ಹೇಳಿಕೊಂಡರೆ ಸಾಕು, ಕೇಳಿದವರು ಒಡನೆಯೇ ಅವರ ಮನಸ್ಸಿನಲ್ಲಿ ಅಡಗಿರುವ ಚಿಂತೆಯನ್ನು ಹುಡುಕತೊಡಗುತ್ತಾರೆ. ಸಿಕ್ಕದಿದ್ದರೆ ತಾವೇ ಒಂದನ್ನು ಊಹಿಸಿಕೊಳ್ಳುತ್ತಾರೆ. ಚಿಂತೆಯಿಂದ ನಿದ್ದೆಗೆಡುವವರು ಬಹುಮಂದಿ ಇರುವರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೊದಲು ನಿದ್ದೆ ಕೆಟ್ಟು, ಆ ಬಳಿಕ ಅದರಿಂದಲೇ ಚಿಂತೆ ಹುಟ್ಟುವ ಸಂದರ್ಭಗಳೂ ಇವೆ. ಅಂಥದೊಂದು ಸಂದರ್ಭವನ್ನು ಕುರಿತು ನಮ್ಮ ಅಭಿಪ್ರಾಯವನ್ನು ವಿದ್ಯಾರ್ಥಿಮಿತ್ರರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ದೀಪವಾರಿಸಿ ಮಲಗಿದ್ದೀರಿ. ಕಣ್ಣೆವೆಗಳು ಭಾರವಾಗಿವೆ. ಹೊರಗಿನ ಸದ್ದುಗಳು ದೂರ ಸರಿಯುತ್ತಿವೆ. ಯೋಚನೆಗಳು ಒಂದಕ್ಕೊಂದು ಹೊಂದಿಕೆಯಿಲ್ಲದೆ ಚಿತ್ರಗಳಾಗಿ ಮಾರ್ಪಡುತ್ತಿವೆ. ಅಷ್ಟರಲ್ಲಿ ಮೆಟ್ಟಿಲು ತಪ್ಪಿದಂತೆ, ಬಾವಿಯೊಳಕ್ಕೆ ಜಾರಿದಂತೆ ಒಂದು ಅನುಭವ. ಕಾಲು ತನ್ನಷ್ಟಕ್ಕೆ ತಾನೇ ಒದೆಯುತ್ತದೆ, ಮೈ ಒಮ್ಮೆ ಕುಲುಕುತ್ತದೆ, ಎದೆ ಡವಡವನೆ ಬಡಿದುಕೊಳ್ಳುತ್ತದೆ. ಕಣ್ಣು ತೆರೆದರೆ ಏನೂ ಇಲ್ಲ. ಅದೇ ಹಾಸಿಗೆ, ಅದೇ ಕತ್ತಲೆ. ಮಗ್ಗುಲಾಗಿ ಮತ್ತೆ ನಿದ್ದೆಹೋಗುತ್ತೀರಿ. ಬೆಳಗಾಗುವ ಹೊತ್ತಿಗೆ ಅದರ ನೆನಪೂ ಇರುವುದಿಲ್ಲ.

ಇದು ಬಹುಪಾಲು ಮಂದಿಯ ಅನುಭವ. ಆದರೆ ಇದೇ ಬೆಚ್ಚು ಒಂದು ಸಲವಲ್ಲ, ನಿದ್ದೆಯ ಸಮೀಪಕ್ಕೆ ಹೋದಾಗಲೆಲ್ಲ ಬಂದರೆ? ಹತ್ತು ಸಲ, ಇಪ್ಪತ್ತು ಸಲ ಹೊಸ್ತಿಲಿನವರೆಗೂ ನಡೆದುಹೋಗಿ ಪ್ರತಿ ಸಲವೂ ಹಿಂದಕ್ಕೆ ತಳ್ಳಿಸಿಕೊಂಡರೆ? ಇಂದಲ್ಲ ನಾಳೆ ನಿಂತೀತೆಂದು ಕಾದು ತಿಂಗಳುಗಳೇ ಉರುಳಿದರೆ? ಅಂಥ ರಾತ್ರಿಗಳನ್ನು ಕಳೆಯುವವರು ನಮ್ಮ ನಡುವೆಯೇ ಇದ್ದಾರೆ. ಹಗಲಿನಲ್ಲಿ ಅವರನ್ನು ಗುರುತಿಸುವುದು ಕಷ್ಟ. ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಸೋಮಾರಿಯೆಂದು ಜರೆಯುವ ಮುನ್ನ ಉಪಾಧ್ಯಾಯರು ಒಂದು ಕ್ಷಣ ಇದನ್ನು ನೆನೆಯಬೇಕೆಂದು ನಮ್ಮ ಬಿನ್ನಹ.

ನಮ್ಮದೇ ಒಂದು ಅನುಭವ

ಈ ಮಾತನ್ನು ನಾವು ಪುಸ್ತಕದಿಂದ ಕಲಿತು ಹೇಳುತ್ತಿಲ್ಲ. ಕಾಲೇಜಿನ ಎರಡನೆಯ ವರ್ಷದಲ್ಲಿ ವಿದ್ಯಾರ್ಥಿನಿಲಯದಲ್ಲಿದ್ದಾಗ ನಮಗೆ ಇದು ಅಂಟಿಕೊಂಡಿತು. ಪರೀಕ್ಷೆಯ ದಿನಗಳು, ರಾತ್ರಿ ಒಂದು ಗಂಟೆಯವರೆಗೆ ಓದು, ಓದಿಗೆ ಜೊತೆಯಾಗಿ ಮೂರು ನಾಲ್ಕು ಲೋಟ ಕಾಫಿ. ಮಲಗಿ ಕಣ್ಣು ಮುಚ್ಚಿದೊಡನೆ ಮೈ ಬೆಚ್ಚಿಬೀಳುತ್ತಿತ್ತು. ಕಬ್ಬಿಣದ ಮಂಚ ಕಿರ್ರೆನ್ನುತ್ತಿತ್ತು. ಕೊಠಡಿಯ ಗೆಳೆಯ ಹೊದಿಕೆಯೊಳಗಿನಿಂದಲೇ, “ಏನಯ್ಯಾ, ಇವತ್ತು ಯಾವ ಬಾವಿಗೆ ಬಿದ್ದೆ?” ಎನ್ನುತ್ತಿದ್ದ. ಮೊದಮೊದಲು ನಾವೂ ನಕ್ಕೆವು. ಪರೀಕ್ಷೆ ಮುಗಿಯಿತು; ಬೆಚ್ಚು ಮುಗಿಯಲಿಲ್ಲ. ಆಗ ನಗು ನಿಂತಿತು.

ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ, “ಯಾವುದೋ ಗಾಳಿ ಸೋಕಿದೆ ಕಂದಾ” ಎಂದು ನಿವಾಳಿಸಿ ತಾಯಿತ ಕಟ್ಟಿಸಿದರು. ಅವರ ಪ್ರೀತಿಯನ್ನು ನಾವು ಇಂದಿಗೂ ಸ್ಮರಿಸುತ್ತೇವೆ. ಆದರೆ ಆ ಮಾತಿನಿಂದ ನಮ್ಮ ಭಯ ಇಮ್ಮಡಿಯಾಯಿತೆಂಬುದನ್ನೂ ಮರೆಯಲಾರೆವು. ಬಳಿಕ ಕಂಡ ವೈದ್ಯರು ಎದೆಯ ಬಡಿತವನ್ನು ಆಲಿಸಿ, ಮಂಡಿಯನ್ನು ಚಿಕ್ಕ ಸುತ್ತಿಗೆಯಿಂದ ತಟ್ಟಿ ನೋಡಿ, “ನಿಮಗೆ ಏನೂ ಇಲ್ಲ, ಹೋಗಿ ಚೆನ್ನಾಗಿ ನಿದ್ದೆ ಮಾಡಿ” ಎಂದು ಕಳುಹಿಸಿಕೊಟ್ಟರು. ನಿದ್ದೆ ಮಾಡಲಾಗುತ್ತಿಲ್ಲವೆಂದು ಹೋದವರಿಗೆ ದೊರೆತ ಔಷಧವಿದು! ಆ ರಾತ್ರಿ ನಮಗೆ ಹೊಸದೊಂದು ಶಂಕೆ ಹುಟ್ಟಿತು. ಏನೂ ಇಲ್ಲವೆಂದಮೇಲೆ ಇದು ನಮ್ಮ ಮನಸ್ಸಿನದೇ ಸೃಷ್ಟಿಯೇ? ನಮಗೆ ಬುದ್ಧಿಭ್ರಮಣೆಯಾಗುತ್ತಿದೆಯೇ? ಮೈಯ ಬೆಚ್ಚಿಗಿಂತ ಈ ಶಂಕೆಯೇ ನಮ್ಮನ್ನು ಹೆಚ್ಚು ರಾತ್ರಿ ಎಚ್ಚರವಾಗಿರಿಸಿತು.

ಮೂವರೂ ನಮ್ಮ ಹಿತವನ್ನು ಬಯಸಿದವರೇ. ಆದರೆ ಮೂವರಲ್ಲಿ ಒಬ್ಬರೂ ನಮಗೆ ಬೇಕಾಗಿದ್ದುದನ್ನು ಕೊಡಲಿಲ್ಲ. ನಮಗೆ ಬೇಕಾಗಿದ್ದುದು ಒಂದು ವಿವರಣೆ. ವಿಜ್ಞಾನವು ಈ ವಿಷಯದಲ್ಲಿ ಏನನ್ನು ತಿಳಿದಿದೆಯೆಂಬುದನ್ನು ಸ್ವಲ್ಪ ನೋಡೋಣ.

ಪಹರೆ ಬದಲಾಗುವ ಹೊತ್ತು

ನಿದ್ದೆಯೆಂದರೆ ದೀಪ ಆರಿದಂತೆ ಮಿದುಳು ಆರುವುದೆಂದು ಬಹುಕಾಲ ಜನ ನಂಬಿದ್ದರು. ಈ ನಂಬಿಕೆಯನ್ನು ಅಲುಗಿಸಿದವನು ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್. ತಲೆಯ ಮೇಲೆ ತಂತಿಗಳನ್ನಿರಿಸಿ ಮಿದುಳಿನ ಸೂಕ್ಷ್ಮ ವಿದ್ಯುತ್ತಿನ ಅಲೆಗಳನ್ನು ಆತ ೧೯೨೪ರಲ್ಲಿ ದಾಖಲಿಸಿ, ೧೯೨೯ರಲ್ಲಿ ಪ್ರಕಟಿಸಿದ. ಅಮೆರಿಕದ ಲೂಮಿಸ್ ಮತ್ತು ಸಂಗಡಿಗರು ೧೯೩೭ರಲ್ಲಿ ಇದೇ ವಿಧಾನದಿಂದ ನಿದ್ದೆಗೆ ಹಲವು ಹಂತಗಳುಂಟೆಂದು ತೋರಿಸಿದರು. ೧೯೫೩ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್, ಮುಚ್ಚಿದ ರೆಪ್ಪೆಗಳೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ನಿದ್ದೆಯ ಅವಸ್ಥೆಯೊಂದನ್ನು ಕಂಡರು. ಕನಸುಗಳು ಬಹುಮಟ್ಟಿಗೆ ಆ ಅವಸ್ಥೆಯಲ್ಲಿ ಬೀಳುತ್ತವೆ. ಅಂದಮೇಲೆ ನಿದ್ದೆಯು ಮಿದುಳಿನ ಸೂನ್ಯಾವಸ್ಥೆಯಲ್ಲ. ಅದು ಮಿದುಳು ತಾನಾಗಿ ನಡೆಸುವ ಒಂದು ಕಾರ್ಯ.

ಈ ಕಾರ್ಯವನ್ನು ನಡೆಸುವ ಕೇಂದ್ರಗಳಾವುವು? ಒಂದನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನಲ್ಲಿ ವಿಚಿತ್ರವಾದೊಂದು ಮಿದುಳಿನ ಬೇನೆ ಹರಡಿತು. ಕೆಲವು ರೋಗಿಗಳು ವಾರಗಟ್ಟಲೆ ನಿದ್ದೆಯಿಂದ ಏಳಲಿಲ್ಲ. ಕೆಲವರಿಗೆ ನಿದ್ದೆಯೇ ಬಾರದೆಹೋಯಿತು. ವಿಯೆನ್ನಾದ ಫಾನ್ ಎಕಾನಮೊ ಎಂಬ ವೈದ್ಯ ಮೃತರ ಮಿದುಳುಗಳನ್ನು ಪರೀಕ್ಷಿಸಿದಾಗ, ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗದ ಹಿಂಬದಿ ಕೆಟ್ಟಿದ್ದರೆ ಅತಿನಿದ್ರೆ, ಮುಂಬದಿ ಕೆಟ್ಟಿದ್ದರೆ ನಿದ್ರಾನಾಶ ಎಂಬುದು ಕಂಡುಬಂದಿತು. ೧೯೪೯ರಲ್ಲಿ ಮೊರೂಟ್ಸಿ ಮತ್ತು ಮಾಗೂನ್ ಎಂಬ ವಿಜ್ಞಾನಿಗಳು, ಮಿದುಳಿನ ಕಾಂಡದಲ್ಲಿ ಬಲೆಯಂತೆ ಹೆಣೆದುಕೊಂಡಿರುವ ನರಕೋಶಗಳ ಸಮೂಹವು ಇಡೀ ಮಿದುಳನ್ನು ಎಚ್ಚರವಾಗಿ ಇರಿಸುತ್ತದೆಂದು ತೋರಿಸಿದರು. ಒಂದು ಕಡೆ ಎಚ್ಚರದ ಪಡೆ, ಇನ್ನೊಂದು ಕಡೆ ನಿದ್ದೆಯ ಪಡೆ; ಒಂದು ಮೇಲಾದಾಗ ಮತ್ತೊಂದು ಅಡಗುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ ಇವು ಒಂದನ್ನೊಂದು ಏರಿಳಿಸುತ್ತಿರುತ್ತವೆ.

ಕೋಟೆಯ ಬಾಗಿಲಲ್ಲಿ ಹಗಲಿನ ಕಾವಲುಗಾರ ಹೋಗಿ ರಾತ್ರಿಯ ಕಾವಲುಗಾರ ಬರುವ ಹೊತ್ತನ್ನು ಊಹಿಸಿಕೊಳ್ಳಿ. ಹೋಗುವವನು ಪೂರ್ಣವಾಗಿ ಹೋಗಿಲ್ಲ, ಬರುವವನು ಪೂರ್ಣವಾಗಿ ಬಂದಿಲ್ಲ. ಆ ಸಂಧಿಯಲ್ಲಿ ಹೋಗುವವನು ಯಾವುದೋ ನೆರಳನ್ನು ಕಂಡು ಒಮ್ಮೆ ಕೂಗಿದರೆ ಕೋಟೆಯೆಲ್ಲ ಎಚ್ಚರಗೊಳ್ಳುತ್ತದೆ. ನಿದ್ದೆಯ ಬೆಚ್ಚು ಇಂಥ ಕೂಗೆಂಬುದು ಬಹುಮಂದಿ ವಿಜ್ಞಾನಿಗಳ ಅಭಿಪ್ರಾಯ. ಸ್ನಾಯುಗಳು ಸಡಿಲಗೊಳ್ಳುತ್ತಿರುವಾಗ ಮಿದುಳಿನ ಕಾಂಡದಿಂದ ಬೆನ್ನುಹುರಿಯ ಮೂಲಕ ಹಠಾತ್ತಾಗಿ ಒಂದು ಆಜ್ಞೆ ಕೆಳಗಿಳಿಯುತ್ತದೆ. ಕೈಕಾಲು ಒಮ್ಮೆಗೇ ಸಂಕುಚಿಸುತ್ತವೆ. ಇದೆಲ್ಲ ಸೆಕೆಂಡಿನ ಕಾಲುಭಾಗದೊಳಗೆ, ಅಂದರೆ ಸುಮಾರು ೭೫ರಿಂದ ೨೫೦ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಬಿದ್ದಂತಾಗುವ ಅನುಭವ, ಕಣ್ಣಿನೊಳಗೆ ಮಿಂಚು, ಕಿವಿಯಲ್ಲಿ ಸಿಡಿದಂಥ ಸದ್ದು ಕೆಲವರಿಗೆ ಜೊತೆಗೇ ಬರುವುದುಂಟು. ಮರದ ಕೊಂಬೆಯ ಮೇಲೆ ಮಲಗುತ್ತಿದ್ದ ಪೂರ್ವಜರು ಬೀಳದಂತೆ ಕಾಪಾಡಲು ಪ್ರಕೃತಿ ಮಾಡಿದ ಉಪಾಯವಿದು ಎಂಬ ಕಥೆಯನ್ನೂ ಕೆಲವರು ಹೇಳುತ್ತಾರೆ; ಕಥೆ ಸೊಗಸಾಗಿದೆ, ಆಧಾರ ಮಾತ್ರ ಸಾಲದು.

ಅಮೆರಿಕದ ಪ್ರಸಿದ್ಧ ನರವೈದ್ಯ ಸೈಲಸ್ ವೆಯರ್ ಮಿಚೆಲ್ ೧೮೯೦ರಲ್ಲಿಯೇ ಇಂಥ ಬೆಚ್ಚುಗಳನ್ನು ವರ್ಣಿಸಿ ಬರೆದಿದ್ದಾನೆ. ಬ್ರಿಟನ್ನಿನ ಇಯಾನ್ ಓಸ್ವಾಲ್ಡ್ ೧೯೫೯ರಲ್ಲಿ ಮಿದುಳಿನ ಅಲೆಗಳ ದಾಖಲೆಯೊಡನೆ ಇವನ್ನು ಅಭ್ಯಸಿಸಿ ಲೇಖನ ಪ್ರಕಟಿಸಿದ. ನೂರಕ್ಕೆ ೬೦ರಿಂದ ೭೦ ಮಂದಿಗೆ ಒಂದಲ್ಲ ಒಂದು ಸಲ ಈ ಅನುಭವವಾಗುವುದೆಂದು ಸಾಮಾನ್ಯವಾಗಿ ಅಂದಾಜು ಮಾಡಲಾಗಿದೆ. ಹೀಗೆ ಇಚ್ಛೆಯಿಲ್ಲದೆ ಸ್ನಾಯುಗಳು ಹಠಾತ್ತಾಗಿ ಕುಲುಕುವುದಕ್ಕೆ ವೈದ್ಯಶಾಸ್ತ್ರದಲ್ಲಿ ಮಯೋಕ್ಲೋನಸ್ ಎಂದು ಹೆಸರು. ಹೆಸರು ದೊಡ್ಡದೆಂದು ಹೆದರಬೇಕಾಗಿಲ್ಲ; ನಮಗೆಲ್ಲ ಬರುವ ಬಿಕ್ಕಳಿಕೆಯೂ ಅದೇ ಜಾತಿಯದು. ಎಳೆಗೂಸು ನಿದ್ದೆಯಲ್ಲಿ ಕೈಕಾಲು ಅದುರಿಸುವುದನ್ನು ಕಂಡ ತಾಯಂದಿರಿಗೂ ಇದು ಅಪರಿಚಿತವಲ್ಲ.

ನಿದ್ದೆ ಬಂದರೆ ನಿಲ್ಲುವುದು, ನಿಂತರೆ ನಿದ್ದೆ ಬರುವುದು!

ಸಾಮಾನ್ಯ ಬೆಚ್ಚಿನ ವಿಷಯ ಇಷ್ಟಾಯಿತು. ಇದಕ್ಕಿಂತ ವಿರಳವೂ ಕಠಿಣವೂ ಆದ ಇನ್ನೊಂದು ಬಗೆಯುಂಟು. ಲಂಡನ್ನಿನ ಮಾರ್ಸ್ಡೆನ್ ಮತ್ತು ಸಹೋದ್ಯೋಗಿಗಳು ೧೯೯೧ರಲ್ಲಿ, ಹೊಟ್ಟೆ ಬೆನ್ನುಗಳ ಸ್ನಾಯುಗಳಲ್ಲಿ ಮೊದಲಾಗಿ ಮೇಲಕ್ಕೂ ಕೆಳಕ್ಕೂ ಹರಡಿ ಮುಂಡವನ್ನು ಒಮ್ಮೆಗೇ ಬಾಗಿಸುವ ಅದುರುಗಳನ್ನು ವರ್ಣಿಸಿದರು. ಮಿದುಳಿನಿಂದ ಸ್ನಾಯುಗಳಿಗೆ ಆಜ್ಞೆ ಒಯ್ಯುವ ರಾಜಮಾರ್ಗದಲ್ಲಿ ಸಂದೇಶವು ಸೆಕೆಂಡಿಗೆ ಹತ್ತಾರು ಮೀಟರು ಓಡುತ್ತದೆ. ಈ ಅದುರುಗಳಾದರೋ ಸೆಕೆಂಡಿಗೆ ಕೆಲವೇ ಮೀಟರುಗಳ ವೇಗದಲ್ಲಿ ಹರಡುತ್ತಿದ್ದವು. ಆದಕಾರಣ ಇವು ಬೆನ್ನುಹುರಿಯ ಒಂದು ಖಂಡವನ್ನು ಮತ್ತೊಂದಕ್ಕೆ ಜೋಡಿಸುವ ಒಳದಾರಿಗಳಲ್ಲಿ ಸಾಗುತ್ತಿರಬೇಕೆಂದು ಅವರು ತರ್ಕಿಸಿದರು. ೧೯೯೭ರಲ್ಲಿ ಇಟಲಿಯ ಮೊಂಟಾನ್ಯಾ, ಲುಗಾರೇಸಿ ಮುಂತಾದವರು, ಈ ಬಗೆಯ ಅದುರು ಮಲಗಿ ಮೈ ಸಡಿಲಿಸಿದಾಗ ಮಾತ್ರವೇ ಬಂದು ತೀವ್ರವಾದ ನಿದ್ರಾಹೀನತೆಗೆ ಕಾರಣವಾಗಬಹುದೆಂದು ತೋರಿಸಿಕೊಟ್ಟರು.

ಇಂಥವರ ರಾತ್ರಿಯನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಕುಳಿತಿದ್ದಾಗ ಇಲ್ಲ, ನಡೆಯುವಾಗ ಇಲ್ಲ. ಮಲಗಿ ಮೈ ಸಡಿಲವಾದೊಡನೆ ಹೊಟ್ಟೆಯಲ್ಲಿ ಒಂದು ಜಗ್ಗು. ತುಸು ಹೊತ್ತು ಬಿಟ್ಟು ಇನ್ನೊಂದು. ಮನಸ್ಸಿನಲ್ಲಿ ಲೆಕ್ಕವೊಂದನ್ನು ಮಾಡತೊಡಗಿದರೆ ಅದು ನಿಲ್ಲುತ್ತದೆ. ಗಾಢನಿದ್ದೆ ಬಂದರೂ ನಿಲ್ಲುತ್ತದೆ. ಆದರೆ ಲೆಕ್ಕ ಮಾಡುತ್ತಿದ್ದರೆ ನಿದ್ದೆ ಬಾರದು. ಲೆಕ್ಕ ಬಿಟ್ಟರೆ ಜಗ್ಗು ಬರುವುದು. ನಿದ್ದೆ ಬಂದರೆ ಅದು ನಿಲ್ಲುವುದು, ಅದು ನಿಂತರೆ ನಿದ್ದೆ ಬರುವುದು! “ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು” ಎಂಬ ಮಾತು ಇವರ ಪಾಲಿಗೆ ವಿನೋದವಲ್ಲ, ಪ್ರತಿ ರಾತ್ರಿಯ ವಾಸ್ತವ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಹೇಳದೆ ಬಿಡಲಾಗದು. ನಾವು ಇಚ್ಛೆಪಟ್ಟು ಕೈಯೆತ್ತುವ ಮುನ್ನ ಸುಮಾರು ಒಂದು ಸೆಕೆಂಡಿನಷ್ಟು ಮೊದಲೇ ಮಿದುಳಿನಲ್ಲಿ ವಿದ್ಯುತ್ತಿನ ನಿಧಾನವಾದ ಏರಿಳಿತವೊಂದು ತೋರುತ್ತದೆ. ಇದನ್ನು ಜರ್ಮನಿಯ ಕಾರ್ನ್ಹ್ಯೂಬರ್ ಮತ್ತು ಡೀಕೆ ೧೯೬೫ರಲ್ಲಿ ಪ್ರಕಟಿಸಿದರು. ೨೦೧೦ರಿಂದ ಈಚೆಗೆ ನಡೆದ ಪರೀಕ್ಷೆಗಳಲ್ಲಿ, ಬೆನ್ನುಹುರಿಯ ಅದುರೆಂದು ಭಾವಿಸಿದ್ದ ಹಲವರಲ್ಲಿ ಅದುರಿಗೆ ಮುನ್ನ ಇದೇ ಏರಿಳಿತ ಕಂಡುಬಂದಿದೆ. ಅಂದರೆ ಅವರಲ್ಲಿ ಚಲನೆಯ ಮೂಲ ಬೆನ್ನುಹುರಿಯಲ್ಲಿರದೆ ಮಿದುಳಿನಲ್ಲಿದೆ. ಹಾಗಾದರೆ ಅವರು ಬೇಕೆಂದೇ ನಟಿಸುತ್ತಿದ್ದಾರೆಯೇ? ಎಂದಿಗೂ ಅಲ್ಲ. ಚಲನೆಯನ್ನು ನಡೆಸುವ ಯಂತ್ರ ಅವರ ಅರಿವಿಗೆ ಬಾರದೆಯೇ ಚಾಲಿತವಾಗುತ್ತದೆ. ಅದನ್ನು ತಡೆಯುವುದು ಅವರ ಕೈಯಲ್ಲಿಲ್ಲ. ನರವ್ಯೂಹದಲ್ಲಿ ಗಾಯವಿಲ್ಲದಿದ್ದರೂ ಅದರ ಕಾರ್ಯದಲ್ಲಿ ವ್ಯತ್ಯಾಸವಿರಬಹುದು. ಗಡಿಯಾರದ ಚಕ್ರಗಳೆಲ್ಲ ಸರಿಯಾಗಿದ್ದೂ ಕಾಲ ತಪ್ಪಿ ಬಾರಿಸಿದರೆ ನಾವು ಅದನ್ನು ಸುಳ್ಳುಗಾರನೆನ್ನುತ್ತೇವೆಯೆ? “ಗಾಯ ಕಾಣುವುದಿಲ್ಲ” ಎಂಬುದನ್ನು “ಬೇನೆಯಿಲ್ಲ” ಎಂದು ಅರ್ಥಮಾಡುವುದು ಅವಿಚಾರವೆಂದೇ ನಮ್ಮ ಮತ.

ಭಯವೆಂಬ ಎರಡನೆಯ ಬೇನೆ

ಹಗ್ಗವನ್ನು ಹಾವೆಂದು ಬಗೆದು ಬೆದರುವ ದೃಷ್ಟಾಂತ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ಹಾವು ಸುಳ್ಳಾದರೂ ಬೆದರಿಕೆ ಸುಳ್ಳಲ್ಲ. ಬೆವರು ನಿಜವಾಗಿಯೇ ಸುರಿಯುತ್ತದೆ. ನಿದ್ದೆಯ ಬೆಚ್ಚಿನಲ್ಲಿಯೂ ಹೀಗೆಯೇ. ಒಂದು ರಾತ್ರಿ ಬೆಚ್ಚಿಬಿದ್ದವನು ಮರುರಾತ್ರಿ ಅದಕ್ಕಾಗಿ ಕಾಯುತ್ತಾನೆ. ಕಾಯುವುದೆಂದರೆ ಎಚ್ಚರವಾಗಿರುವುದು. ಭಯಗೊಂಡ ದೇಹದಲ್ಲಿ ಅಡ್ರಿನಲಿನ್ ರಸ ಹರಿದು ಎದೆಬಡಿತ ಏರುತ್ತದೆ. ಹೋಗಬೇಕಾಗಿದ್ದ ಹಗಲಿನ ಕಾವಲುಗಾರ ಹೋಗದೆ ಬಾಗಿಲಲ್ಲೇ ನಿಲ್ಲುತ್ತಾನೆ. ನಿದ್ದೆ ಕಡಿಮೆಯಾದಷ್ಟೂ ಬೆಚ್ಚು ಹೆಚ್ಚುವುದು, ಬೆಚ್ಚು ಹೆಚ್ಚಿದಷ್ಟೂ ನಿದ್ದೆ ಕಡಿಮೆಯಾಗುವುದು. ಗಾಣದ ಎತ್ತಿನಂತೆ ಮನುಷ್ಯ ಒಂದೇ ಸುತ್ತಿನಲ್ಲಿ ತಿರುಗತೊಡಗುತ್ತಾನೆ.

ಬೆಚ್ಚನ್ನು ಹೆಚ್ಚಿಸುವ ಕಾರಣಗಳನ್ನು ವೈದ್ಯರು ಗುರುತಿಸಿದ್ದಾರೆ: ನಿದ್ದೆಗೇಡು, ಮನಸ್ಸಿನ ಉದ್ವೇಗ, ಹೊತ್ತು ಮೀರಿದ ಕಠಿಣ ವ್ಯಾಯಾಮ, ಕಾಫಿ ಚಹಗಳ ಅತಿಸೇವನೆ, ಕೆಲವು ಔಷಧಗಳು. ಈ ಪಟ್ಟಿಯ ಮೊದಲ ಎರಡನ್ನೂ ಕಾಫಿಯನ್ನೂ ಒಟ್ಟುಗೂಡಿಸಿದರೆ ಪರೀಕ್ಷಾಕಾಲದ ವಿದ್ಯಾರ್ಥಿಯ ಚಿತ್ರವೇ ಮೂಡುವುದಿಲ್ಲವೆ? ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸೀನ್ ಎಂಬ ದ್ರವ್ಯ ಕೂಡುತ್ತ ಬಂದು ನಿದ್ದೆಯ ಒತ್ತಡವನ್ನು ಬೆಳೆಸುತ್ತದೆ. ಕಾಫಿಯ ಕೆಫೀನ್ ಆ ದ್ರವ್ಯ ಕುಳಿತುಕೊಳ್ಳಬೇಕಾದ ಸ್ಥಾನಗಳನ್ನು ತಾನು ಆಕ್ರಮಿಸಿ ಅದರ ಕೆಲಸವನ್ನು ತಡೆಯುತ್ತದೆ. ದೇಹದಲ್ಲಿ ಸೇರಿದ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಬೇಕು. ರಾತ್ರಿ ೮ ಗಂಟೆಗೆ ಕುಡಿದ ಲೋಟದ ಅರ್ಧ ಭಾಗ ೧ ಗಂಟೆಗೂ ನಮ್ಮ ರಕ್ತದಲ್ಲಿ ಎಚ್ಚರವಾಗಿ ಕುಳಿತಿರುತ್ತದೆಂಬ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿಕೊಳ್ಳಬಹುದು.

ಇಲ್ಲಿಯೇ ನಮ್ಮ ಮುಖ್ಯವಾದ ಆಕ್ಷೇಪಣೆಯಿರುವುದು. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ನಿದ್ದೆಗೆ ಗೌರವವಿಲ್ಲ. ನಡುರಾತ್ರಿಯವರೆಗೆ ಓದಿದವನನ್ನು ಹೊಗಳುತ್ತೇವೆ. ಹತ್ತು ಗಂಟೆಗೆ ಮಲಗಿದವನಿಗೆ “ಕುಂಭಕರ್ಣ” ಎಂಬ ಬಿರುದು ಕಾದಿರುತ್ತದೆ. ಆದರೆ ನಮ್ಮ ಪ್ರಾಚೀನರು ಹೀಗೆಣಿಸಿರಲಿಲ್ಲ. ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಶರೀರಕ್ಕೆ ಆಧಾರಸ್ತಂಭಗಳೆಂದು ಎಣಿಸಿದೆ. ಮಾಂಡೂಕ್ಯೋಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿಗಳನ್ನು ವಿಚಾರಕ್ಕೆ ಯೋಗ್ಯವಾದ ಅವಸ್ಥೆಗಳೆಂದು ಎತ್ತಿಕೊಂಡಿದೆ. ಇಂದಿನ ವೈದ್ಯರೂ ಇದನ್ನೇ ಅಂಕೆಗಳಲ್ಲಿ ಹೇಳುತ್ತಾರೆ. ೧೩ರಿಂದ ೧೮ ವರ್ಷದವರಿಗೆ ದಿನಕ್ಕೆ ೮ರಿಂದ ೧೦ ಗಂಟೆಗಳ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ ೨೦೧೬ರಲ್ಲಿ ಸಲಹೆಯಿತ್ತಿತು. ಜೀರ್ಣಕ್ರಿಯೆ, ರಕ್ತಪರಿಚಲನೆಗಳನ್ನು ಚಿತ್ರ ಬಿಡಿಸಿ ಬೋಧಿಸುವ ನಾವು, ಬಾಳಿನ ಮೂರರಲ್ಲೊಂದು ಪಾಲನ್ನು ಕಳೆಯುವ ನಿದ್ದೆಯನ್ನು ಕುರಿತು ಎಷ್ಟು ಪುಟಗಳನ್ನು ಬೋಧಿಸುತ್ತೇವೆ? ಪ್ರೌಢಶಾಲೆಯ ಜೀವಶಾಸ್ತ್ರದಲ್ಲಿ ನಿದ್ದೆಗೆ ಒಂದು ಪಾಠ ಮೀಸಲಾಗಬೇಕು. ಅದರಲ್ಲಿ ಈ ಬೆಚ್ಚಿಗೂ ನಾಲ್ಕು ಸಾಲು ಇರಬೇಕು. ಆ ನಾಲ್ಕು ಸಾಲುಗಳನ್ನು ನಾವು ಹದಿನೈದನೆಯ ವಯಸ್ಸಿನಲ್ಲಿ ಓದಿದ್ದರೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಷ್ಟು ರಾತ್ರಿಗಳನ್ನು ಕಳೆದುಕೊಳ್ಳುತ್ತಿರಲಿಲ್ಲ.

“ಇಂಥ ಕ್ಷುಲ್ಲಕ ವಿಷಯಕ್ಕೆ ಇಷ್ಟು ಮಾತೇಕೆ? ತಿಳಿಯದೆ ಸುಖವಾಗಿರುವ ಹುಡುಗರ ಮನಸ್ಸಿನಲ್ಲಿ ಹೊಸ ಭಯವನ್ನು ಬಿತ್ತಿದಂತಾಗುವುದಿಲ್ಲವೆ?” ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೆಚ್ಚಿಗೆ ಈಗಾಗಲೇ ಗುರಿಯಾದವನ ಮುಂದೆ ತಿಳಿಯದಿರುವ ಸುಖ ಉಳಿದಿಲ್ಲ. ನಾವು ವಿವರಿಸದಿದ್ದರೆ ಅವನು ತಾನೇ ಒಂದು ವಿವರಣೆಯನ್ನು ಕಟ್ಟಿಕೊಳ್ಳುತ್ತಾನೆ: ದೆವ್ವ, ಮೂರ್ಛೆರೋಗ, ಹೃದಯದ ಬೇನೆ, ಬುದ್ಧಿಭ್ರಮಣೆ. ಸತ್ಯವು ಈ ಎಲ್ಲ ಕಲ್ಪನೆಗಳಿಗಿಂತ ಸೌಮ್ಯವಾದದ್ದು. ಹಗ್ಗದ ಬಳಿಗೆ ದೀಪ ತರುವುದರಿಂದ ಹಾವು ಹುಟ್ಟುವುದಿಲ್ಲ.

ಏನು ಮಾಡಬೇಕು?

ಅಪರೂಪಕ್ಕೊಮ್ಮೆ ಬೆಚ್ಚಿಬೀಳುವವರು ಏನನ್ನೂ ಮಾಡಬೇಕಾಗಿಲ್ಲ. ಮಗ್ಗುಲಾಗಿ ಮಲಗಿದರೆ ಸಾಕು. ಮೇಲಿಂದ ಮೇಲೆ ಬರುವವರು ಮಧ್ಯಾಹ್ನದ ಬಳಿಕ ಕಾಫಿ ಚಹಗಳನ್ನು ಬಿಡಲಿ. ಕಠಿಣ ವ್ಯಾಯಾಮವನ್ನು ಬೆಳಗಿಗೋ ಸಂಜೆಗೋ ಇಟ್ಟುಕೊಳ್ಳಲಿ. ಮಲಗುವ ಏಳುವ ವೇಳೆಗಳನ್ನು ಭಾನುವಾರವೂ ಬದಲಿಸದಿರಲಿ. ಹಾಸಿಗೆಯ ಮೇಲೆ ಪುಸ್ತಕವನ್ನಾಗಲಿ ಮೊಬೈಲನ್ನಾಗಲಿ ತರದಿರಲಿ. ಗಡಿಯಾರವನ್ನು ಕಣ್ಣಿಗೆ ಬೀಳದಂತೆ ತಿರುಗಿಸಿಡಲಿ. ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೆಣಗಾಡದೆ ಎದ್ದು, ಮಂದಬೆಳಕಿನಲ್ಲಿ ತುಸು ಹೊತ್ತು ಕುಳಿತು, ಕಣ್ಣು ತೂಗಿದಾಗ ಮರಳಿ ಮಲಗಲಿ. ದೀರ್ಘಕಾಲದ ನಿದ್ರಾಹೀನತೆಗೆ ಔಷಧಕ್ಕಿಂತ ಮೊದಲು ಇಂಥ ಅಭ್ಯಾಸಗಳನ್ನೂ ನಿದ್ದೆಯ ಬಗೆಗಿನ ತಪ್ಪು ಭಯಗಳನ್ನೂ ತಿದ್ದುವ ಚಿಕಿತ್ಸೆಯನ್ನು ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು ೨೦೧೬ರಲ್ಲಿ ವಿಧಿಸಿತು. ನಿದ್ದೆಯ ಗುಳಿಗೆಗಳನ್ನು ಸ್ವಂತ ಬುದ್ಧಿಯಿಂದ ನುಂಗುವುದು ಅಪಾಯಕರ. ಕಠಿಣ ಪ್ರಕರಣಗಳಲ್ಲಿ ವೈದ್ಯರು ಕ್ಲೊನಜೆಪಾಮ್ ಎಂಬ ಔಷಧವನ್ನು ಕೊಡುವುದುಂಟು. ಅದಕ್ಕೆ ದೇಹ ಒಗ್ಗಿಹೋಗುವ ಸಂಭವವಿರುವುದರಿಂದ ಅವರ ಮೇಲ್ವಿಚಾರಣೆಯಿಲ್ಲದೆ ಅದನ್ನು ಮುಟ್ಟಲೂ ಬಾರದು, ಹಠಾತ್ತಾಗಿ ಬಿಡಲೂ ಬಾರದು.

ಎಲ್ಲ ಅದುರುಗಳೂ ನಿರಪಾಯವೆಂದು ನಾವು ಹೇಳುತ್ತಿಲ್ಲ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲೇ ತೋಳುಗಳು ಅದುರಿ ಕೈಯಲ್ಲಿದ್ದ ಲೋಟವೋ ಹಲ್ಲುಜ್ಜುವ ಬ್ರಷ್ಷೋ ಬೀಳುತ್ತಿದ್ದರೆ ಅದನ್ನು ಅಲಕ್ಷಿಸಬಾರದು. ಹದಿಹರೆಯದಲ್ಲಿ ತೋರುವ ಮೂರ್ಛೆರೋಗದ ಒಂದು ಬಗೆಗೆ ಇದೇ ಮೊದಲ ಚಿಹ್ನೆ. ಜರ್ಮನಿಯ ಯಾನ್ಸ್ ಮತ್ತು ಕ್ರಿಸ್ಟಿಯಾನ್ ೧೯೫೭ರಲ್ಲಿ ಅದನ್ನು ವಿವರವಾಗಿ ವರ್ಣಿಸಿದ್ದಾರೆ, ಅದಕ್ಕೆ ಒಳ್ಳೆಯ ಚಿಕಿತ್ಸೆಯೂ ಇದೆ. ಅದುರಿನೊಡನೆ ಪ್ರಜ್ಞೆ ತಪ್ಪುವುದು, ನಾಲಗೆ ಕಚ್ಚಿಕೊಳ್ಳುವುದು, ಹಗಲಿನಲ್ಲೂ ಅದುರುವುದು, ಕೈಕಾಲುಗಳಲ್ಲಿ ಬಲ ಕುಂದುವುದು, ಹೊಸ ಔಷಧ ಆರಂಭಿಸಿದಮೇಲೆ ಅದುರು ಮೊದಲಾಗುವುದು—ಇವುಗಳಲ್ಲಿ ಯಾವುದು ಕಂಡರೂ ನರರೋಗತಜ್ಞರನ್ನು ನೋಡಬೇಕು. ಸಂಜೆಯಾದೊಡನೆ ಕಾಲುಗಳಲ್ಲಿ ಸಹಿಸಲಾಗದ ಚಡಪಡಿಕೆ ಎದ್ದು, ನಡೆದಾಡಿದರೆ ಮಾತ್ರ ಶಮನವಾಗುತ್ತಿದ್ದರೆ ಅದು ಬೇರೆಯೇ ಬೇನೆ. ರಕ್ತದಲ್ಲಿ ಕಬ್ಬಿಣಾಂಶದ ಕೊರತೆ ಅದಕ್ಕೆ ಕಾರಣವಾಗಿರಬಹುದು, ಪರೀಕ್ಷೆಯಿಂದ ತಿಳಿಯುತ್ತದೆ. ಮಲಗಿರುವವನ ಮಿದುಳಿನ ಅಲೆ, ಸ್ನಾಯುಗಳ ಚಲನೆ, ಉಸಿರಾಟಗಳನ್ನು ರಾತ್ರಿಯಿಡೀ ದಾಖಲಿಸುವ ಪ್ರಯೋಗಶಾಲೆಗಳು ಇಂದು ದೊಡ್ಡ ಆಸ್ಪತ್ರೆಗಳಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ನಿದ್ದೆಯ ಸಂಶೋಧನೆ ನಡೆಯುತ್ತದೆ. ವೈದ್ಯರ ಬಳಿಗೆ ಹೋಗುವಾಗ ಎರಡು ವಾರಗಳ ದಿನಚರಿಯನ್ನು ಬರೆದುಕೊಂಡು ಹೋದರೆ, ಮನೆಯವರು ಅದುರಿನ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದಿದ್ದರೆ, ಅವರ ಕೆಲಸ ಎಷ್ಟೋ ಸುಲಭವಾಗುತ್ತದೆ.

ಇನ್ನು ಸುತ್ತಲಿನವರ ಕರ್ತವ್ಯ. ಗೆಳೆಯರು ನಗಬಾರದೆಂದು ನಾವು ಹೇಳುವುದಿಲ್ಲ, ಒಮ್ಮೆ ನಕ್ಕು, ಮಾರನೆಯ ದಿನ “ನಿನ್ನೆ ನಿದ್ದೆ ಬಂದಿತೇನಯ್ಯಾ?” ಎಂದು ಕೇಳಿದರೆ ಸಾಕು. ಹಿರಿಯರು ತಾಯಿತ ಕಟ್ಟುವ ಮುನ್ನ ವೈದ್ಯರ ಮಾತನ್ನು ಕೇಳಲಿ. ವೈದ್ಯರಲ್ಲಿ ನಮ್ಮ ವಿನಯಪೂರ್ವಕವಾದ ಬೇಡಿಕೆಯೊಂದಿದೆ: “ಏನೂ ಇಲ್ಲ” ಎಂಬ ಎರಡು ಪದಗಳ ಬದಲು, “ಅಪಾಯವೇನೂ ಇಲ್ಲ, ಇದು ಹೀಗೆ ಆಗುತ್ತದೆ” ಎಂದು ಐದು ನಿಮಿಷ ವಿವರಿಸಿ. ಮೊದಲನೆಯ ಮಾತು ರೋಗಿಯನ್ನು ಸುಳ್ಳುಗಾರನನ್ನಾಗಿಸುತ್ತದೆ; ಎರಡನೆಯದು ಅವನಿಗೆ ಧೈರ್ಯ ಕೊಡುತ್ತದೆ.

ನಮಗೆ ಆ ಐದು ನಿಮಿಷವನ್ನು ಕೊಟ್ಟವರು ಇನ್ನೊಬ್ಬ ಹಿರಿಯ ವೈದ್ಯರು. ಅವರು ಔಷಧದ ಚೀಟಿಯ ಹಿಂಬದಿಯಲ್ಲಿ ಮಿದುಳನ್ನೂ ಬೆನ್ನುಹುರಿಯನ್ನೂ ಬರೆದು, ಎಲ್ಲಿಂದ ಎಲ್ಲಿಗೆ ಆಜ್ಞೆ ಹೋಗುವುದೆಂದು ಪೆನ್ಸಿಲಿನಿಂದ ಗೀಟೆಳೆದು ತೋರಿಸಿ, “ಇದು ನನಗೂ ಬರುತ್ತದೆ” ಎಂದು ನಕ್ಕರು. ಆ ಚೀಟಿಯಲ್ಲಿ ಔಷಧ ಒಂದೂ ಇರಲಿಲ್ಲ. ಆ ರಾತ್ರಿಯೂ ಬೆಚ್ಚು ಬಂದಿತು. ಆದರೆ ನಾವು ಎದ್ದು ಕುಳಿತುಕೊಳ್ಳಲಿಲ್ಲ. ಕಾಫಿಯನ್ನು ಬಿಟ್ಟೆವು, ಹತ್ತೂವರೆಗೆ ಮಲಗತೊಡಗಿದೆವು. ಕೆಲವು ತಿಂಗಳುಗಳಲ್ಲಿ ಅದು ವಾರಕ್ಕೊಮ್ಮೆಗೆ, ಬಳಿಕ ಆಗೊಮ್ಮೆ ಈಗೊಮ್ಮೆಗೆ ಇಳಿಯಿತು. ಇಂದಿಗೂ ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ದಣಿದ ದಿನಗಳಲ್ಲಿ ಹಳೆಯ ಪರಿಚಯಸ್ಥನಂತೆ ಬಂದು ಬಾಗಿಲು ತಟ್ಟುತ್ತದೆ. ನಾವು ಮಗ್ಗುಲಾಗಿ ಮಲಗುತ್ತೇವೆ.

ಎಲ್ಲರಿಗೂ ಇಷ್ಟು ಸುಲಭವಾಗಿ ಶಮನವಾಗದು. ಕೆಲವರು ವರ್ಷಗಟ್ಟಲೆ ಇದರೊಡನೆ ಬಾಳಬೇಕಾಗುತ್ತದೆ, ಔಷಧವೂ ಬೇಕಾಗುತ್ತದೆ. ಅಂಥವರೊಬ್ಬರು ನಿಮ್ಮ ತರಗತಿಯಲ್ಲಿ, ನಿಮ್ಮ ಮನೆಯಲ್ಲಿ ಇರಬಹುದು. ಅವರಿಗೆ ಗಾದೆಯನ್ನು ಹೇಳಬೇಡಿ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಬರಬಹುದು. ಆದರೆ ನಿದ್ದೆಯ ಹೊಸ್ತಿಲಲ್ಲಿ ಎಡವುವವನಿಗೆ ಬೇಕಾಗಿರುವುದು ಉಪದೇಶವಲ್ಲ, ಹೊಸ್ತಿಲು ಎಲ್ಲಿದೆಯೆಂದು ತೋರಿಸುವ ಒಂದು ಹಣತೆ.